ನೋಟೊದ ಕಲ್ಲು ಅಲುಗಾಡಿಲ್ಲವೇ?

ಇಟಲಿಯ ಸಿಸಿಲಿ ದ್ವೀಪದ ನೋಟೊ ಊರಿನ ಬಗ್ಗೆ ನೀವು ಬರೆದ ಪ್ರವಾಸ ಲೇಖನ ಓದಿಸಿಕೊಂಡು ಹೋಯಿತು. ಆದರೆ ಅದು ‘300 ವರ್ಷದಿಂದ ಒಂದು ಕಲ್ಲೂ ಅಲುಗಾಡದ ಊರು’ ಅನ್ನುವ ಮಾತನ್ನು ಒಪ್ಪಲಾರೆ. 1693ರ ಭೂಕಂಪಕ್ಕೆ ಮೊದಲಿದ್ದ ಊರು ನೆಲಸಮವಾಯಿತು. ಅದರ ಅವಶೇಷ ಈಗಲೂ ಅಲ್ವೇರಿಯಾ ಬೆಟ್ಟದ ಮೇಲಿದೆ. ನೀವು ನೋಡಿ ಬಂದಿದ್ದು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಿದ ಊರು.

ಅದಾದರೂ ಅಲುಗಾಡದೆ ನಿಂತಿದೆಯಾ ಅಂದರೆ, ಅದೂ ಇಲ್ಲ. 1996ರ ಮಾರ್ಚ್‌ನಲ್ಲಿ ಊರಿನ ಮುಖ್ಯ ಚರ್ಚಾದ ಕ್ಯಾಥೆಡ್ರಲ್‌ನ ಗುಮ್ಮಟವೇ ಕುಸಿದು ಬಿತ್ತು. ರಾತ್ರಿ ಹೊತ್ತು, ಒಳಗೆ ಯಾರೂ ಇರಲಿಲ್ಲ, ಬಚಾವ್! ಕಂಬಗಳು ಹೊರಗೆ ನೋಡೋಕೆ ಗಟ್ಟಿಮುಟ್ಟು, ಒಳಗೆ ತುಂಬಿದ್ದು ಸುಮ್ನೆ ಕಲ್ಲುಚೂರು, ಗಾರೆ. 1990ರ ಭೂಕಂಪದ ಪೆಟ್ಟು ಬೇರೆ ಬಿದ್ದಿತ್ತು. ಮತ್ತೆ ಬಾಗಿಲು ತೆರೆದದ್ದು 2007ರಲ್ಲಿ. ನಿಮ್ಮ ಫೋಟೊದಲ್ಲಿರುವ ಗುಮ್ಮಟ ಮತ್ತೆ ಕಟ್ಟಿದ್ದು. ಇಷ್ಟು ದೊಡ್ಡ ವಿಷಯಕ್ಕೆ ಒಂದು ಸಾಲಾದರೂ ಬೇಕಿತ್ತು ಅಲ್ವಾ?

ಅಲ್ಲಿನ ಹಳದಿ ಸುಣ್ಣಕಲ್ಲೂ ಮೆತ್ತಗಿನದು. ಕೆತ್ತುವುದು ಸುಲಭ, ಸವೆಯುವುದೂ ಬೇಗ. ನಿಕೊಲಾಚಿ ಅರಮನೆಯ ಬಾಲ್ಕನಿಗಳ ಅಡಿ ನಿಂತು ಕತ್ತೆತ್ತಿ ನೋಡಿ. ಸಿಂಹ, ರೆಕ್ಕೆಯ ಕುದುರೆ, ಮತ್ಸ್ಯಕನ್ಯೆ ಎಲ್ಲವೂ ಬಾಲ್ಕನಿಯನ್ನು ಬೆನ್ನ ಮೇಲೆ ಹೊತ್ತಂತಿವೆ. ನನಗಂತೂ ಕ್ಯಾಥೆಡ್ರಲ್‌ಗಿಂತ ಇವೇ ಜಾಸ್ತಿ ಇಷ್ಟ. ಮೇ ತಿಂಗಳ ಹೂವಿನ ಹಬ್ಬಕ್ಕೆ ಹೋಗಿ ಅಂದಿದ್ದೀರಿ. ರಸ್ತೆ ತುಂಬಾ ಹೂವಿನ ಎಸಳಿನ ಚಿತ್ರ, ಚಂದವೇ. ಆದರೆ ಆ ಜನಜಂಗುಳಿಯಲ್ಲಿ ಬಾಲ್ಕನಿ ನೋಡುವವರು ಯಾರು? ಕೆತ್ತನೆ ನೋಡಬೇಕು ಅನ್ನುವವರು ಬೇರೆ ತಿಂಗಳಲ್ಲಿ ಹೋಗುವುದೇ ವಾಸಿ.