ಯಾವ ಕತ್ತಿ ಮೇಡಂ?

ನಿನ್ನೆ ಸಂಜೆ ಕುಕ್ಕರ್ ಇಟ್ಟು ಸೀಟಿ ಎಣಿಸುತ್ತಿದ್ದೆ. ಕೊಪ್ಪದ ಕಡೆಯಿಂದ ಯಾರೋ ಫೋನ್ ಮಾಡಿದರು. ಗುರುತಿಲ್ಲ, ಪರಿಚಯವಿಲ್ಲ.

"ಮೇಡಂ, ನೀವು ನೀರಿಗೆ ಕತ್ತಿ ಅದ್ದಿ ಮೀನಿನ ಕಾಯಿಲೆ ವಾಸಿ ಮಾಡಿದ್ರಂತೆ. ನಮ್ಮ ತೋಟದ ಕೆರೆ ಮೀನಿಗೂ ಏನೋ ಆಗಿದೆ. ಅದು ಯಾವ ಕತ್ತಿ ಮೇಡಂ? ಸೊಪ್ಪು ಸವರೋದಾ, ಮರ ಕಡಿಯೋದಾ?"

ರಾಂಗ್ ನಂಬರ್ ಅಂದೆ. ರಾಂಗ್ ನಂಬರ್ ಅಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇಂಥ ಫೋನ್ ಇದೇ ಮೊದಲೂ ಅಲ್ಲ. ನನ್ನ ನಂಬರನ್ನು ಮದುವೆ ಮನೆಗಳಲ್ಲಿ ಪ್ರಸಾದದ ಥರ ಹಂಚುತ್ತಿರುವುದು ಯಾರು ಅಂತಲೂ ಗೊತ್ತು. ನಮ್ಮ ಮಾವ. ಅಮ್ಮನ ಅಣ್ಣ. ಆಲ್ದೂರಿನ ಹತ್ತಿರ ಕಾಫಿ ತೋಟ, ಒಂದು ಹಳೇ ಜೀಪು, ಎಲ್ಲದಕ್ಕೂ ಒಂದು ಔಷಧಿ.

ವಿಷಯ ಏನಂದರೆ, ನಾವು ಸಮುದ್ರದ ಮೀನು ಸಾಕಿದ್ದೇವೆ. ಚಿಕ್ಕಮಗಳೂರಿನಲ್ಲಿ. ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲೆ, ಚಾರ್ಮಾಡಿ ಘಾಟಿ ಇಳಿಯುವ ತೊಂದರೆ ಇಲ್ಲದೆ, ನಡುಮನೆಯಲ್ಲೇ ಒಂದು ತುಂಡು ಸಮುದ್ರ. ಬಂದವರು ಮೊದಲು ಕೇಳುವುದು "ಎಷ್ಟಾಯ್ತು?" ಆಮೇಲೆ ಕೇಳುವುದು "ತಿನ್ನೋದಾ?" ಎರಡಕ್ಕೂ ನಾನು ಉತ್ತರ ಕೊಡುವುದಿಲ್ಲ. ಮೊದಲನೆಯದಕ್ಕೆ ಕಾರಣ, ನಮ್ಮ ಅತ್ತೆ ಅಲ್ಲೇ ಸೋಫಾದ ಮೇಲೆ ಕೂತಿರುತ್ತಾರೆ.

ಮದುವೆ ದಿನದ ನೆನಪಿಗೆ ಅಂತ ನಮ್ಮವರು ಬೆಂಗಳೂರಿನಿಂದ ಒಂದು ನೀಲಿ ಟ್ಯಾಂಗ್ ಮೀನು ತಂದರು. ಹೊಸ ಮೀನು ಬಂದರೆ ಮೊದಲು ಕೆಲವು ವಾರ ಬೇರೆ ಟ್ಯಾಂಕಿನಲ್ಲಿ ಇಡಬೇಕು. ಅದಕ್ಕೆ ಕ್ವಾರಂಟೈನ್ ಅಂತಾರೆ. 2020ರಲ್ಲಿ ಇಡೀ ದೇಶ ಬಾಯಿಪಾಠ ಮಾಡಿದ ಪದ. ನಮ್ಮವರೊಬ್ಬರಿಗೆ ಮಾತ್ರ ಮರೆತಿದೆ. ಸರ್‌ಪ್ರೈಸ್ ಕೊಡಬೇಕು ಅಂತ ನಾನು ಕಾಲೇಜಿನಿಂದ ಬರುವುದರೊಳಗೆ ಕವರಿನ ನೀರು ಸಮೇತ ದೊಡ್ಡ ಟ್ಯಾಂಕಿಗೆ ಸುರಿದಿದ್ದರು. ವಾರ ಕಳೆಯುವುದರೊಳಗೆ ಸರ್‌ಪ್ರೈಸ್ ಬಂದೇ ಬಂತು. ಟ್ಯಾಂಗಿನ ಮೈಮೇಲೆಲ್ಲ ಬಿಳಿ ಚುಕ್ಕಿ. ಅದರ ಹಿಂದೆಯೇ ನನ್ನ ಹಳೇ ಕ್ಲೌನ್ ಮೀನಿನ ಜೋಡಿಗೂ.

ಈ ಕಾಯಿಲೆಗೆ ಮೆರೈನ್ ಇಕ್ ಅಂತಾರೆ. ಕ್ರಿಪ್ಟೋಕ್ಯಾರಿಯಾನ್ ಅನ್ನುವ ಒಂದು ಪರಾವಲಂಬಿಯ ಕೆಲಸ. ಅದು ಮೀನಿನ ಚರ್ಮದೊಳಗೆ ಹೊಕ್ಕು ಮೂರರಿಂದ ಏಳು ದಿನ ತಿಂದುಂಡು, ತಾನಾಗಿ ಉದುರುತ್ತದೆ. ತಳದಲ್ಲಿ, ಕಲ್ಲಿನ ಮೇಲೆ ಎಲ್ಲಾದರೂ ಅಂಟಿಕೊಂಡು ಗಟ್ಟಿ ಚಿಪ್ಪು ಕಟ್ಟುತ್ತದೆ. ಒಳಗೇ ಒಡೆದು ನೂರಾರಾಗುತ್ತದೆ. ಆಮೇಲೆ ಮರಿಗಳೆಲ್ಲ ಹೊರಗೆ ಬಂದು ಮೀನು ಹುಡುಕಿಕೊಂಡು ಈಜುತ್ತವೆ. ಇದಕ್ಕೆ ಔಷಧಿ ತಾಮ್ರ. ಅದು ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗೆ ಇರುವಾಗಲೂ ಏನೂ ಆಗುವುದಿಲ್ಲ, ಚಿಪ್ಪಿನೊಳಗೆ ಇರುವಾಗಲೂ ಏನೂ ಆಗುವುದಿಲ್ಲ. ಅದಕ್ಕೇ ನೀರಿನಲ್ಲಿ ತಾಮ್ರವನ್ನು ವಾರಗಟ್ಟಲೆ ಒಂದೇ ಮಟ್ಟದಲ್ಲಿ ಇಟ್ಟು ಕಾಯಬೇಕು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ: ಚುಕ್ಕಿ ಮಾಯವಾದರೆ ಕಾಯಿಲೆ ಹೋಯಿತು ಅಂತ ಅರ್ಥ ಅಲ್ಲ. ಹುಳ ಊಟ ಮುಗಿಸಿ ಕೆಳಗಿಳಿದಿದೆ, ಅಷ್ಟೇ.

ದೊಡ್ಡ ಟ್ಯಾಂಕಿಗೆ ತಾಮ್ರ ಹಾಕುವ ಹಾಗಿಲ್ಲ. ಅಲ್ಲಿ ಹವಳ, ಸೀಗಡಿ, ಬಸವನಹುಳು ಎಲ್ಲಾ ಇವೆ. ಮೂರೂ ತಾಮ್ರಕ್ಕೆ ಸಾಯುತ್ತವೆ. ಮೇಲಾಗಿ ಕಲ್ಲು ಮತ್ತು ಮರಳು ತಾಮ್ರ ಹೀರಿಕೊಳ್ಳುತ್ತವೆ. ಹಾಗಾಗಿ ಮೀನುಗಳನ್ನು ವಾಷಿಂಗ್ ಮೆಷಿನ್ ಪಕ್ಕ ಅರವತ್ತು ಲೀಟರಿನ ಖಾಲಿ ಟ್ಯಾಂಕಿಗೆ ಸಾಗಿಸಿದೆ. ಅಡಗಿಕೊಳ್ಳಲು ಪಿವಿಸಿ ಪೈಪಿನ ಎಲ್ಬೋ. ಹಾರ್ಡ್‌ವೇರ್ ಅಂಗಡಿಯವರು "ಎಷ್ಟು ಇಂಚಿಂದು ಮೇಡಂ, ಬಾತ್‌ರೂಮಿಗಾ?" ಅಂದರು. ಮೀನಿಗೆ ಅಂದೆ. ಆಮೇಲೆ ಅವರು ಬಿಲ್ಲಿನ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಹುಳ ಮೀನು ಸಿಗದೆ ಸಾಯುವ ತನಕ ದೊಡ್ಡ ಟ್ಯಾಂಕಿನಲ್ಲಿ ಒಂದೂ ಮೀನು ಇರಬಾರದು. ಹಳೇ ಲೆಕ್ಕ 76 ದಿನ. ನೀರನ್ನು 27 ಡಿಗ್ರಿಯಲ್ಲಿ ಇಟ್ಟರೆ 45 ಸಾಕು ಅನ್ನುವವರೂ ಇದ್ದಾರೆ. ಈಗ ನಡುಮನೆಯಲ್ಲಿ ಅಷ್ಟು ದೊಡ್ಡ ಸಮುದ್ರದಲ್ಲಿ ಎರಡು ಸೀಗಡಿ ಓಡಾಡಿಕೊಂಡಿವೆ. ಬಂದವರು ಅದನ್ನೂ ತಿನ್ನೋದಾ ಅಂತ ಕೇಳುತ್ತಾರೆ.

ಔಷಧಿ ತಾಮ್ರ ಅಂತ ಗೊತ್ತಾದ ದಿನವೇ ಅತ್ತೆ ತಾಮ್ರದ ಚೊಂಬು ತಂದು ಟ್ಯಾಂಕಿನ ಪಕ್ಕ ಇಟ್ಟರು. "ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಹಾಕು, ಮನುಷ್ಯರಿಗೇ ಒಳ್ಳೇದು" ಅಂದರು. ಅದನ್ನು ಹೇಗೋ ತಪ್ಪಿಸಿದೆ. ಅವರು ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ಅಣ್ಣನಿಗೆ ಫೋನ್ ಮಾಡಿದಳು. ಅದನ್ನು ತಪ್ಪಿಸಲು ಆಗಲಿಲ್ಲ.

ಮಾವ ಮತ್ತು ಮೈಲುತುತ್ತದ ಸಂಬಂಧ ಸ್ವಲ್ಪ ಹೇಳಬೇಕು. ಮೈಲುತುತ್ತ, ಸುಣ್ಣ ಕಲಸಿದ ದ್ರಾವಣಕ್ಕೆ ಬೋರ್ಡೋ ಅಂತಾರೆ. ಕಾಫಿಯ ಎಲೆ ತುಕ್ಕು ರೋಗಕ್ಕೆ ಅರ್ಧ ಪರ್ಸೆಂಟ್ ಬೋರ್ಡೋ, ಕರಿಮೆಣಸಿಗೆ ಒಂದು ಪರ್ಸೆಂಟ್. ಇದು ಮಲೆನಾಡಿನ ಮಕ್ಕಳಿಗೆಲ್ಲ ಮಗ್ಗಿ ಜೊತೆಗೇ ಬರುತ್ತದೆ. ಆದರೆ ಮಾವ ಅಲ್ಲಿಗೆ ನಿಲ್ಲುವುದಿಲ್ಲ. ದನದ ಗೊರಸು ಕೊಳೆತರೆ ಮೈಲುತುತ್ತದ ನೀರು. ತೊಟ್ಟಿಯಲ್ಲಿ ಪಾಚಿ ಬಂದರೆ ಮೈಲುತುತ್ತ. ಮೈದಾ ಅಂಟಿಗೆ ಹುಳ ಬೀಳದ ಹಾಗೆ ಚಿಟಿಕೆ ಮೈಲುತುತ್ತ. ನನ್ನ ಮದುವೆ ತಡವಾದಾಗ ಒಂದೇ ಒಂದು ಸಲ ಅವರು ಅದನ್ನು ಹೇಳಲಿಲ್ಲ, ಬಹುಶಃ ಮನಸ್ಸಿಗೆ ಬಂದಿರಬೇಕು.

ನನ್ನ ಸಿಟ್ಟಿನ ಮೂಲ ಇಲ್ಲೇ ಇದೆ. ಈ ಸಲ ಅವರು ಹೇಳಿದ್ದು ಸರಿ! ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ಸಮುದ್ರದ ಮೀನಿಗೆ ಇದೇ ಹಳೇ ಔಷಧಿ. ನಾನು ತರಿಸಿದ ಬಾಟಲಿಯಲ್ಲಿರುವುದೂ ತಾಮ್ರವೇ, ಸ್ವಲ್ಪ ಬೇರೆ ರೂಪದಲ್ಲಿ. ರಾತ್ರಿಯೆಲ್ಲ ಓದಿ, ಲೆಕ್ಕ ಹಾಕಿ, ದುಡ್ಡು ಕೊಟ್ಟು ನಾನು ತಲುಪಿದ ಜಾಗಕ್ಕೆ ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತಾ ತಲುಪಿದ್ದರು.

"ನೂರು ರೂಪಾಯಿದು ತಂದಿದ್ರೆ ಆಗ್ತಿತ್ತಲ್ಲ ಪುಟ್ಟಿ" ಅನ್ನುತ್ತಲೇ ಜೀಪಿನಿಂದ ಇಳಿದರು. ನನಗೆ ನಲವತ್ತು ದಾಟಿದೆ. ಕಾಲೇಜಿನಲ್ಲಿ ಮಕ್ಕಳು ನನ್ನನ್ನು ಕಂಡರೆ ಮೊಬೈಲ್ ಜೇಬಿಗೆ ಹಾಕುತ್ತಾರೆ. ಮಾವನಿಗೆ ಪುಟ್ಟಿ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ನೀಲಿ ಹರಳಿನ ಪೊಟ್ಟಣ.

ಕೂರಿಸಿ ವಿವರಿಸಿದೆ. "ಮಾವ, ನಿಮ್ಮ ಒಂದು ಪರ್ಸೆಂಟ್ ಅಂದ್ರೆ ನೂರು ಲೀಟರಿಗೆ ಒಂದು ಕೆಜಿ. ಅದರಲ್ಲಿ ಕಾಲು ಭಾಗ ತಾಮ್ರ. ಲೀಟರಿಗೆ ಎರಡೂವರೆ ಸಾವಿರ ಮಿಲಿಗ್ರಾಂ. ಬರೀ ಮೈಲುತುತ್ತ ಹಾಕಿದ್ರೆ ಮೀನಿಗೆ ಬೇಕಾಗಿರೋದು 0.2 ಮಿಲಿಗ್ರಾಂ. ನನ್ನ ಬಾಟಲಿದಾದ್ರೆ 2ರಿಂದ 2.5."

ಮಾವ ಗಂಭೀರವಾಗಿ ಕೇಳಿದರು. "ಹಾಗಾದ್ರೆ ಒಂದು ಚಮಚ ಸಾಕು."

ಒಂದು ಚಮಚ ಹಾಕಿದರೆ ಇಪ್ಪತ್ತು ಮಿಲಿಗ್ರಾಂ ದಾಟುತ್ತದೆ, ಅಂದರೆ ನೂರು ಪಟ್ಟು, ಮೀನು ಮಧ್ಯಾಹ್ನದೊಳಗೆ ಮೇಲೆ ತೇಲುತ್ತದೆ ಅಂದೆ. "ಅರ್ಧ ಚಮಚ" ಅಂದರು. ಇದು ಚೌಕಾಸಿ ಮಾಡುವ ವಿಷಯ ಅಲ್ಲ ಅಂತ ನನಗನ್ನಿಸಿತು. ಅವರಿಗೆ ಹಾಗನ್ನಿಸಲಿಲ್ಲ.

"ಈಗ ಎಷ್ಟಿದೆ ಅಂತ ನಿಂಗೆ ಹೇಗೆ ಗೊತ್ತು?" ಅಂದರು. ಮೀಟರ್ ತೋರಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ನೀರಿಗೆ ಒಂದು ಪುಡಿ ಹಾಕಿ ಅಲ್ಲಾಡಿಸಿ ಒಳಗಿಟ್ಟರೆ ತಾಮ್ರ ಎಷ್ಟಿದೆ ಅಂತ ತೋರಿಸುತ್ತದೆ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟರು. "ಇದೆಲ್ಲಾ ಸುಮ್ನೆ. ಕತ್ತಿ ಕೊಡು."

ತೋಟದವರಿಗೆ ಇದು ಗೊತ್ತು. ಡ್ರಮ್ಮಿನಲ್ಲಿ ಬೋರ್ಡೋ ಕಲಸಿದ ಮೇಲೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಒಳ್ಳೇ ಪರೀಕ್ಷೆ, ನಾನೇನೂ ಬೇಡ ಅನ್ನುವುದಿಲ್ಲ. ಡ್ರಮ್ಮಿಗೆ.

ಅತ್ತೆ ಅಡುಗೆಮನೆಯಿಂದ ತರಕಾರಿ ಚಾಕು ತಂದುಕೊಟ್ಟರು. ಮಾವ ಅದನ್ನು ಎರಡು ಬೆರಳಿನಲ್ಲಿ ಹಿಡಿದು ವಾಪಸ್ ಕೊಟ್ಟರು. "ಇದು ಸ್ಟೀಲು. ಕಬ್ಬಿಣದ್ದು ಬೇಕು." ಹೊರಗೆ ಜೋರು ಮಳೆ. ಆದರೂ ಜೀಪಿಗೆ ಹೋಗಿ ಸೀಟಿನ ಕೆಳಗಿನಿಂದ ಕತ್ತಿ ತಂದರು. ಮೊಳಕೈ ಉದ್ದ ಇದೆ. ಪಕ್ಕದ ಮನೆಯವರು ಗೇಟಿನಲ್ಲಿ ನಿಂತಿದ್ದವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕತ್ತಿಗೆ ಮಣ್ಣಿತ್ತು, ಬಾಳೆ ಕಲೆ ಇತ್ತು. ಅದನ್ನು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೊಳೆಯುವ ತನಕ ಉಜ್ಜಿದರು. ಸೋಪು ಹಾಕುತ್ತೇನೆ ಅಂದರು. ಸೋಪು ಮಾತ್ರ ಬೇಡ ಮಾವ ಅಂತ ಕೈ ಮುಗಿದೆ. ಅದೊಂದು ಕೇಳಿದರು.

ಆಮೇಲೆ ಕನ್ನಡಕವನ್ನು ಹಣೆಗೆ ಏರಿಸಿ, ಪಂಚೆ ಎತ್ತಿ ಕಟ್ಟಿ, ಟ್ಯಾಂಕಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತರು. ಕತ್ತಿ ನಿಧಾನವಾಗಿ ನೀರಿಗಿಳಿಯಿತು. ಟ್ಯಾಂಗ್ ಎಲ್ಬೋ ಒಳಗೆ ನುಗ್ಗಿ ಬಾಲ ಮಾತ್ರ ಹೊರಗೆ ಬಿಟ್ಟುಕೊಂಡಿತು. ಕ್ಲೌನ್‌ಗಳು ಹಾಗಲ್ಲ, ಅವಕ್ಕೆ ಧೈರ್ಯ ಜಾಸ್ತಿ. ಹೆಣ್ಣು ಕ್ಲೌನ್ ಬಂದು ಕತ್ತಿಯ ತುದಿಗೆ ಕುಟ್ಟಿತು. ಮಾವನಿಗೆ ಖುಷಿಯೋ ಖುಷಿ. "ನೋಡು, ಗೊತ್ತಾಗ್ತಿದೆ ಅದಕ್ಕೆ!" ಏನು ಗೊತ್ತಾಗುತ್ತಿದೆ ಅಂತ ಕೇಳಲು ನನಗೆ ಶಕ್ತಿ ಇರಲಿಲ್ಲ. ಅತ್ತೆ ಗೋಡೆಗೆ ಒರಗಿ ನಿಂತು, "ಕೆಂಪಾಯ್ತಾ ಅಣ್ಣಾ?" "ಈಗ ಆಯ್ತಾ?" ಅಂತ ಕೇಳುತ್ತಲೇ ಇದ್ದರು. ನಮ್ಮವರು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಈ ಮನುಷ್ಯನಿಂದಲೇ ಇದೆಲ್ಲ ಶುರುವಾಗಿದ್ದು ಅಂತ ಆ ಕ್ಷಣ ಯಾರಿಗೂ ನೆನಪಿರಲಿಲ್ಲ, ನನಗೊಬ್ಬಳಿಗೆ ಬಿಟ್ಟು.

ಎರಡು ಮಿಲಿಗ್ರಾಂ ತಾಮ್ರಕ್ಕೆ ಅಷ್ಟು ಬೇಗ ಕತ್ತಿ ಎಲ್ಲಿ ಕೆಂಪಾಗಬೇಕು? ಮಾವ ಹೊರಗೆ ತೆಗೆದು, ಕಿಟಕಿ ಬೆಳಕಿಗೆ ಹಿಡಿದು, ಮೂಸಿ ನೋಡಿ ತೀರ್ಪು ಕೊಟ್ಟರು. "ಔಷಧಿ ಇಲ್ವೇ ಇಲ್ಲ ಇದ್ರಲ್ಲಿ. ನಿಂಗೆ ಬರೀ ನೀರು ಮಾರಿದಾರೆ." ಕೈ ಪೊಟ್ಟಣದ ಕಡೆ ಹೋಯಿತು. ನಾನು ಟ್ಯಾಂಕಿಗೂ ಅವರಿಗೂ ಮಧ್ಯ ನಿಂತೆ. ಪೊಟ್ಟಣವನ್ನು ಅತ್ತೆಯ ಗೋದ್ರೇಜ್ ಬೀರುವಿನಲ್ಲಿ ಬೀಗ ಹಾಕಿ ಇಟ್ಟ ಮೇಲೇ ನಮ್ಮ ಮನೆಯಲ್ಲಿ ಊಟ ಬಡಿಸಿದ್ದು.

ಮಳೆಗೆ ರಾತ್ರಿ ಅಲ್ಲೇ ಉಳಿದರು. ಬೆಳಿಗ್ಗೆ ನಾನು ಏಳುವ ಮೊದಲೇ ಕಾಫಿ ಲೋಟ ಹಿಡಿದು ಟ್ಯಾಂಕಿನ ಮುಂದೆ ಹಾಜರು. "ಪುಟ್ಟೀ! ಹೋಯ್ತಲ್ಲೇ!"

ಹೋಗಿತ್ತು. ಟ್ಯಾಂಗಿನ ಮೈಮೇಲೆ ಒಂದೂ ಚುಕ್ಕಿ ಇಲ್ಲ. ಹುಳ ಹೊಟ್ಟೆ ತುಂಬಿ ರಾತ್ರಿ ಉದುರಿದೆ, ಔಷಧಿ ಇನ್ನೂ ಪೂರ್ತಿ ಮುಂದುವರಿಸಬೇಕು ಅಂತ ಎಲ್ಲಾ ಹೇಳಿದೆ. ಮಾವ ತಲೆ ಅಲ್ಲಾಡಿಸುತ್ತಾ ಕೇಳಿದರು. ಎಲ್ಲಾ ಕೇಳಿಯಾದ ಮೇಲೆ, "ಕಬ್ಬಿಣ ಮುಟ್ಟಿದ್ದಕ್ಕೆ ಬಿಟ್ಟು ಓಡಿದೆ" ಅಂದರು. ಅಲ್ಲಿಂದ ಸೀದಾ ಮೂಡಿಗೆರೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದರು, ನಮ್ಮವರ ವಿಡಿಯೋ ಸಮೇತ.

ಆಮೇಲಿನಿಂದ ವಾರಕ್ಕೊಮ್ಮೆಯಾದರೂ ಬರುತ್ತಾರೆ. ತಾಮ್ರದಲ್ಲಿರುವ ಮೀನಿಗೆ ಹಸಿವು ಕಮ್ಮಿ. ನಾನು ಸಮುದ್ರ ಪಾಚಿಯ ಹಾಳೆ ಕಟ್ಟಿ ಟ್ಯಾಂಗನ್ನು ಓಲೈಸುತ್ತಿದ್ದರೆ, ಅವರು ಶೃಂಗೇರಿ ಮೀನಿಗೆ ಹಾಕುವ ಹಾಗೆ ಮಂಡಕ್ಕಿ ತಂದು ನಿಲ್ಲುತ್ತಾರೆ. ಬೇಡ ಅಂದರೆ ತಾವೇ ಕೂತು ತಿನ್ನುತ್ತಾರೆ. ನಾನು ನೀರು ಬದಲಿಸಿ, ಹೊಸ ನೀರಿಗೆ ಎಷ್ಟು ಉಪ್ಪು, ಎಷ್ಟು ತಾಮ್ರ ಅಂತ ಲೆಕ್ಕ ಹಾಕುವಾಗ ಬಕೆಟ್ ಹಿಡಿದುಕೊಳ್ಳುತ್ತಾರೆ. ಚಿಕ್ಕವಳಿದ್ದಾಗ ಮುಂಗಾರಿಗೆ ಮೊದಲು ತೋಟಕ್ಕೆ ಹೋದರೆ ಅವರ ಉಗುರೆಲ್ಲ ನೀಲಿ ಇರುತ್ತಿತ್ತು, ಬನೀನಿನ ಮೇಲೂ ನೀಲಿ ಚುಕ್ಕಿ. ಹತ್ತಾರು ಆಳು ಸುತ್ತ ನಿಂತು ಅವರು ಕತ್ತಿ ಎತ್ತುವುದನ್ನೇ ಕಾಯುತ್ತಿದ್ದರು. ಈಗ ಆಳು ಸಿಗುವುದಿಲ್ಲ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಫೋನ್ ಮಾಡಿದರೆ ಮಳೆ ಹೇಗಿದೆ ಅಂತ ಕೇಳುತ್ತಾರೆ, ಔಷಧಿ ಎಷ್ಟು ಪರ್ಸೆಂಟ್ ಹೊಡೆದ್ರಿ ಅಂತ ಕೇಳುವುದಿಲ್ಲ. ಅದೆಲ್ಲ ನೆನಪಾದಾಗ ಮಂಡಕ್ಕಿ ಪರವಾಗಿಲ್ಲ ಅನ್ನಿಸುತ್ತದೆ.

ಹಾಗನ್ನಿಸಿದ್ದು ಮೊನ್ನೆ ತನಕ. ಮೊನ್ನೆ ನಾನು ಕಾಲೇಜಿನಲ್ಲಿದ್ದಾಗ ಬಂದು ಹೋಗಿದ್ದಾರೆ. ಸಂಜೆ ನೀರು ಪರೀಕ್ಷೆ ಮಾಡೋಣ ಅಂತ ನೋಡಿದರೆ ಮೀಟರ್ ಇಲ್ಲ, ಪುಡಿಯ ಡಬ್ಬಿಯೂ ಇಲ್ಲ. "ನಿನ್ನ ಮಾವ ಕೇಳಿದ್ರು, ತಿಂಡಿ ಡಬ್ಬಿ ಜೊತೆ ಕೊಟ್ಟೆ" ಅಂದರು ಅತ್ತೆ. ಫೋನ್ ಮಾಡಿದೆ.

"ಹಾಂ ಪುಟ್ಟಿ, ನಾನೇ ಮಾಡೋಣ ಅಂತಿದ್ದೆ. ನಿನ್ನ ಮಿಷನ್ ಸರಿ ಇಲ್ಲ. ಡ್ರಮ್ಮಿನ ನೀರು ಹಾಕಿದ್ರೆ ಐದು ಅಂತ ತೋರಿಸಿ ಮಿಣುಕ್ತಾನೇ ಇರುತ್ತೆ."

"ಮಾವ, ಅದು ಐದರ ತನಕ ಮಾತ್ರ ಅಳೆಯೋದು. ನಿಮ್ಮ ಡ್ರಮ್ಮಲ್ಲಿ ಸಾವಿರಗಟ್ಟಲೆ ಇದೆ. ಪುಡಿ ಎಷ್ಟು ಉಳಿದಿದೆ?"

"ಉಳಿದಿಲ್ಲ. ಒಂದೊಂದು ಪೊಟ್ಟಣಕ್ಕೆ ಬೇರೆ ಬೇರೆ ಬರಬಹುದು ಅಂತ ಎಲ್ಲಾ ಹಾಕಿ ನೋಡ್ದೆ. ಎಲ್ಲದಕ್ಕೂ ಐದೇ. ಇನ್ನೆರಡು ಡಬ್ಬಿ ತರಿಸ್ತೀಯಾ? ಮೆಣಸಿಗೆ ಕಲಸಿದ್ದು ಇನ್ನೂ ನೋಡಿಲ್ಲ."