ಯಾವ ಸೀಸರ್ ಸ್ವಾಮಿ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಒಂಬತ್ತು ಹೈಸ್ಕೂಲುಗಳು ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ತಪ್ಪು ಸೀಸರನ ಪಾಠ ಮಾಡಿದ ಸುದ್ದಿಯನ್ನು ನೀವೂ ಓದಿರುತ್ತೀರಿ. 2025ರ ಅಕ್ಟೋಬರ್ ಕೊನೆ. ಪ್ರಾಚೀನ ಇತಿಹಾಸದ ಪರೀಕ್ಷೆ ಇನ್ನೇನು ಬಂತು ಅನ್ನುವಾಗ ಗೊತ್ತಾಯಿತು, ಪ್ರಶ್ನೆ ಬರುವುದು ಜೂಲಿಯಸ್ ಸೀಸರ್ ಮೇಲೆ, ಮಕ್ಕಳು ಉರು ಹೊಡೆದಿರುವುದು ಆಗಸ್ಟಸ್ ಸೀಸರನನ್ನು. ಸುಮಾರು 140 ಮಕ್ಕಳು. ಪರೀಕ್ಷಾ ಮಂಡಳಿ ಎರಡು ವರ್ಷದ ಹಿಂದೆಯೇ ತಿಳಿಸಿದ್ದೆವು ಅಂದಿತು. ಸಚಿವರು ತನಿಖೆ ಅಂದರು. ಮಕ್ಕಳಿಗೆ ಆ ಪರೀಕ್ಷೆ ಮಾಫಿ ಆಯಿತು.

ನನಗಂತೂ ಇದರಲ್ಲಿ ಅಂಥ ತಪ್ಪೇನೂ ಕಾಣುವುದಿಲ್ಲ. ಇಬ್ಬರೂ ಸೀಸರ್. ಇಬ್ಬರೂ ರೋಮಿನವರು. ಒಬ್ಬನನ್ನು ಚುಚ್ಚಿ ಕೊಂದರು, ಇನ್ನೊಬ್ಬ ಅವನ ದತ್ತುಮಗನಾಗಿ ಬಂದು ಚಕ್ರವರ್ತಿಯಾದ. ಮನೆತನ ಒಂದೇ, ಆಸ್ತಿ ಒಂದೇ. ನಮ್ಮಲ್ಲಿ ತಪ್ಪು ಛತ್ರಕ್ಕೆ ಹೋಗಿ, ಗೊತ್ತಿಲ್ಲದ ಮದುಮಕ್ಕಳಿಗೆ ಅಕ್ಷತೆ ಹಾಕಿ, ಹೋಳಿಗೆ ಎರಡು ಸಲ ಹಾಕಿಸಿಕೊಂಡು ಬಂದವರಿಲ್ಲವೇ? ಊಟವಂತೂ ಆಯಿತಲ್ಲ.

ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಆಸ್ಟ್ರೇಲಿಯಾದ ಮಂತ್ರಿಗಳು ಮೂವತ್ತು ವರ್ಷದಿಂದ ಶಾಲೆಯ ಪಠ್ಯಕ್ರಮವನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದಾರೆ. ಎಲ್ಲಿ ಎಡಪಂಥ ನುಸುಳಿದೆ, ಎಲ್ಲಿ ದೇಶಪ್ರೇಮ ಸೋರಿದೆ, ಯಾವ ಪದದಲ್ಲಿ ಯಾವ ವಿಷ. ಅಷ್ಟೆಲ್ಲ ಸೋಸಿದರೂ ಆ ಒಂಬತ್ತು ಶಾಲೆಗಳಲ್ಲಿ ಸೀಸರ್ ಅದಲುಬದಲಾದದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲ. ಸೀಸರ್ ಬಲಪಂಥೀಯನೋ ಎಡಪಂಥೀಯನೋ ಅಂತ ಯಾರಾದರೂ ಎರಡು ವರ್ಷದ ಹಿಂದೆ ಜಗಳ ತೆಗೆದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಕಥೆ ಹಳೆಯದು. 2006ರಲ್ಲಿ ಶಿಕ್ಷಣ ಸಚಿವೆಯಾಗಿದ್ದ ಜೂಲಿ ಬಿಷಪ್ ಅವರ ಭಾಷಣದ ಪ್ರತಿಯಲ್ಲಿ, ಶಾಲೆಯ ಪಾಠಗಳಲ್ಲಿ ಕೆಲವು ನೇರವಾಗಿ ಮಾವೋನಿಂದಲೇ ಬಂದಂತಿವೆ ಅನ್ನುವ ಮಾತಿತ್ತು. ಮಾವೋ! ಹೋಮ್‌ವರ್ಕ್ ಮಾಡದೆ ಬಂದ ಹುಡುಗನನ್ನು ಬೈಯುವುದಕ್ಕೂ ಹಿಂದೆಮುಂದೆ ನೋಡುವ ಮೇಷ್ಟರುಗಳ ಕೈಯಲ್ಲಿ ಸಾಂಸ್ಕೃತಿಕ ಕ್ರಾಂತಿ! ಆದರೆ ಆ ಕಾಲದ ನಿಜವಾದ ಮುತ್ತು ಇದಲ್ಲ. ಕತ್ತೆಯದು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅವಸರ ಮಾಡಬೇಡಿ.

ಪ್ರಧಾನಿ ಜಾನ್ ಹೋವರ್ಡ್ ಸರ್ಕಾರ 2004ರಲ್ಲಿ ಒಂದು ಷರತ್ತು ಹಾಕಿತು. ಕೇಂದ್ರದ ದುಡ್ಡು ಬೇಕಾದರೆ ಶಾಲೆಯಲ್ಲಿ 'ಕೆಲಸ ಮಾಡುವ' ಧ್ವಜಸ್ತಂಭ ಇರಬೇಕು, ಬಾವುಟ ಹಾರಬೇಕು. ಕೆಲಸ ಮಾಡದ ಕಂಬ ಹೇಗಿರುತ್ತದೋ ನನಗೆ ತಿಳಿಯದು. ನಿಂತಿರುವುದೇ ಕಂಬದ ಕೆಲಸ ಅಲ್ವಾ? ಇರಲಿ. ಕಂಬದ ಜೊತೆಗೆ ಗೋಡೆಗೆ ಒಂದು ಪೋಸ್ಟರ್ ಬಂತು. ಆಸ್ಟ್ರೇಲಿಯಾದ ಶಾಲೆಗಳು ಕಲಿಸಬೇಕಾದ ಒಂಬತ್ತು ಮೌಲ್ಯಗಳು: ಪ್ರಾಮಾಣಿಕತೆ, ಜವಾಬ್ದಾರಿ, ಗೌರವ, ಹೀಗೆ. ಹಿಂದೆ ಚಿತ್ರ ಯಾರದ್ದು? ಮೊದಲ ಮಹಾಯುದ್ಧದಲ್ಲಿ ಟರ್ಕಿಯ ರಣರಂಗವಾಗಿದ್ದ ಗಲಿಪೊಲಿಯ ವೀರ ಸಿಂಪ್ಸನ್ ಮತ್ತು ಅವನ ಕತ್ತೆಯದು. ಗಾಯಗೊಂಡ ಸೈನಿಕರನ್ನು ಗುಂಡಿನ ಮಳೆಯ ನಡುವೆ ಕತ್ತೆಯ ಮೇಲೆ ಸಾಗಿಸುತ್ತಿದ್ದವನು. ಅಂದಿನ ಸಚಿವ ಬ್ರೆಂಡನ್ ನೆಲ್ಸನ್ ಅವರ ಪ್ರಕಾರ ಆಸ್ಟ್ರೇಲಿಯನ್ ಆಗುವುದರ ಸಾರವೆಲ್ಲ ಈ ಇಬ್ಬರಲ್ಲೇ ಇತ್ತು. ಈ ಮೌಲ್ಯ ಬೇಡವಾದವರು ಜಾಗ ಖಾಲಿ ಮಾಡಲಿ ಅಂತಲೂ 2005ರಲ್ಲಿ ಅವರೇ ಹೇಳಿದರು.

ಈಗ ಸಿಂಪ್ಸನ್ ಬಗ್ಗೆ ನಾಲ್ಕು ಮಾತು. ಪೂರ್ತಿ ಹೆಸರು ಜಾನ್ ಸಿಂಪ್ಸನ್ ಕರ್ಕ್‌ಪ್ಯಾಟ್ರಿಕ್. ಹುಟ್ಟಿದ್ದು ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ. ಹಡಗಿನ ಕೆಲಸಕ್ಕೆ ಸೇರಿ 1910ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದವನು, ಹೇಳದೆ ಕೇಳದೆ ಹಡಗು ಬಿಟ್ಟು ಓಡಿಹೋದ. ಅಂದರೆ ಜಾಗ ಖಾಲಿ ಮಾಡುವುದರಲ್ಲಿ ಪಳಗಿದವನು. ವೀಸಾ ಗೀಸಾ ಕೇಳಬೇಡಿ. ಮುಂದೆ ಸೈನ್ಯ ಸೇರುವಾಗ ಕರ್ಕ್‌ಪ್ಯಾಟ್ರಿಕ್ ಅನ್ನುವ ಮನೆಹೆಸರನ್ನೇ ಬಿಟ್ಟುಬಿಟ್ಟ. ಒಂಬತ್ತು ಮೌಲ್ಯಗಳಲ್ಲಿ ಪ್ರಾಮಾಣಿಕತೆ, ಜವಾಬ್ದಾರಿ ಎರಡಕ್ಕೂ ಇಲ್ಲಿಗೇ ಎಳ್ಳುನೀರು. ಇನ್ನೂ ಇದೆ. ಯುದ್ಧಕ್ಕೆ ಮುಂಚೆ ಅಮ್ಮನಿಗೆ ಬರೆದ ಕಾಗದದಲ್ಲಿ, ಇಂಗ್ಲೆಂಡಿಗೆ ಬೇಕಾಗಿರುವುದು ಒಂದು ಒಳ್ಳೆ ಕ್ರಾಂತಿ, ಈ ಕೋಟ್ಯಧಿಪತಿಗಳನ್ನೂ ಲಾರ್ಡ್‌ಗಳನ್ನೂ ಡ್ಯೂಕ್‌ಗಳನ್ನೂ ಗುಡಿಸಿ ಹಾಕಬೇಕು, ಲೇಬರ್ ಸರ್ಕಾರ ಬರಬೇಕು ಅಂತ ಬರೆದಿದ್ದ. ಶ್ರೀಮಂತರ ಪಕ್ಷದ ಸರ್ಕಾರ, ಎಡಪಂಥ ಓಡಿಸಲು ಶಾಲೆಶಾಲೆಯ ಗೋಡೆಗೆ ಅಂಟಿಸಿದ ಮಹಾಪುರುಷ ಈತ!

ಗಲಿಪೊಲಿಯಲ್ಲಿ ಅವನು ತನ್ನ ಪಡೆಯವರ ಜೊತೆ ಇರುವುದಕ್ಕಿಂತ ಇಂಡಿಯಾದಿಂದ ಹೋಗಿದ್ದ ಬೆಟ್ಟದ ಫಿರಂಗಿ ದಳದವರ ಹೇಸರಗತ್ತೆಗಳ ಬಿಡಾರದಲ್ಲೇ ಜಾಸ್ತಿ ಇದ್ದ. ನಮ್ಮ ಸಿಪಾಯಿಗಳು ಅವನನ್ನು 'ಬಹಾದ್ದೂರ್' ಅಂತ ಕರೆಯುತ್ತಿದ್ದರು. 1915ರ ಏಪ್ರಿಲ್ 25ಕ್ಕೆ ದಡ ಹತ್ತಿದ, ಮೇ 19ಕ್ಕೆ ಸತ್ತ. ಇಪ್ಪತ್ತೆರಡು ವರ್ಷ. ಕತ್ತೆಯ ಹೆಸರು ಡಫಿ ಅನ್ನುವವರಿದ್ದಾರೆ, ಮರ್ಫಿ ಅನ್ನುವವರಿದ್ದಾರೆ. ಅದು ಯಾವ ಪಕ್ಷಕ್ಕೆ ಸೇರಿತ್ತು ಅನ್ನುವುದಕ್ಕೆ ದಾಖಲೆ ಇಲ್ಲ. ಇವತ್ತು ಯಾರಾದರೂ ಟೀಚರ್ ಆ ಕಾಗದವನ್ನು ಒಂಬತ್ತನೇ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಲಿ ನೋಡೋಣ. ಸಂಜೆಯೊಳಗೆ ಪಕ್ಷಪಾತದ ದೂರು, ಮಾರನೇ ದಿನ ಟಿವಿ ಚರ್ಚೆ.

ಮುಂದೆ 2014. ಸಚಿವ ಕ್ರಿಸ್ಟೋಫರ್ ಪೈನ್ ಅವರು ಪಠ್ಯಕ್ರಮದಲ್ಲಿ ಪಕ್ಷಪಾತ ಇದೆಯೇ ಅಂತ ನೋಡಲು ಇಬ್ಬರನ್ನು ನೇಮಿಸಿದರು. ಅವರಲ್ಲಿ ಒಬ್ಬರು ಕೆವಿನ್ ಡೊನೆಲಿ, ಹಿಂದೆ ಪೈನ್ ಅವರದೇ ಪಕ್ಷದ ಸಂಸದರೊಬ್ಬರ ಕಚೇರಿ ನಡೆಸಿದವರು. ಪಕ್ಷಪಾತ ಕಂಡುಹಿಡಿಯಲು ಪಕ್ಷದವರೇ ಬೇಕು, ಬೇರೆಯವರಿಗೆ ಹೇಗೆ ಗುರುತು ಸಿಗಬೇಕು? ಸಾಹಿತ್ಯದ ವಿಷಯಕ್ಕೆ ಸಿಡ್ನಿಯ ಒಬ್ಬ ಕಾವ್ಯದ ಪ್ರೊಫೆಸರನ್ನು ಕೇಳಿದರು. ಆದಿವಾಸಿ ಸಾಹಿತ್ಯಕ್ಕೆ ಒತ್ತು ಕಡಿಮೆ ಮಾಡಿ, ಪಾಶ್ಚಾತ್ಯ ಸಾಹಿತ್ಯಕ್ಕೆ ಜಾಸ್ತಿ ಮಾಡಿ ಅಂತ ಅವರು ಸಲಹೆ ಕೊಟ್ಟರು. ವರದಿ ಹೊರಬಿದ್ದ ಅಕ್ಟೋಬರ್‌ನಲ್ಲೇ ಅವರ ಇಮೇಲುಗಳೂ ಹೊರಬಿದ್ದವು. ಆದಿವಾಸಿಗಳ ಬಗ್ಗೆ, ಮುಸ್ಲಿಮರ ಬಗ್ಗೆ, ಏಷ್ಯಾದವರ ಬಗ್ಗೆ ಇಲ್ಲಿ ಬರೆಯಲಾಗದಂಥ ಮಾತುಗಳು. ಅದು ಗೆಳೆಯರ ನಡುವಿನ ಭಾಷೆಯ ಆಟ ಅಂತ ಪ್ರೊಫೆಸರು ಸಮಜಾಯಿಷಿ ಕೊಟ್ಟರು. ಡಿಸೆಂಬರ್‌ಗೆ ರಾಜೀನಾಮೆಯನ್ನೂ ಕೊಟ್ಟರು.

2021ರಲ್ಲಿ ಶಿಕ್ಷಣ ಸಚಿವ ಅಲನ್ ಟಜ್ ಅವರ ಸರದಿ. ಪಠ್ಯಕ್ರಮದ ಹೊಸ ಕರಡಿನಲ್ಲಿ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್‌ಜಾಕ್ ದಿನಕ್ಕೆ 'ವಿವಾದಿತ' ಅನ್ನುವ ಮಾತು ಹತ್ತಿಕೊಂಡಿತ್ತು. ಬಿಳಿಯರು ಬಂದದ್ದನ್ನು ಆದಿವಾಸಿಗಳು ಆಕ್ರಮಣ ಅಂತ ನೋಡುತ್ತಾರೆ ಅಂತಲೂ ಇತ್ತು. ಇದನ್ನು ಓದಿದ ಮಕ್ಕಳು ದೇಶವನ್ನೇ ದ್ವೇಷಿಸುತ್ತಾರೆ ಅಂತ ಟಜ್ ಅವರಿಗೆ ಚಿಂತೆ ಹತ್ತಿತು. ವರ್ಷ ಕಳೆಯುವುದರೊಳಗೆ ಅವರೇ ಹುದ್ದೆಯಿಂದ ಪಕ್ಕಕ್ಕೆ ಸರಿದರು, 2022ರ ಏಪ್ರಿಲ್‌ನಲ್ಲಿ ಪಠ್ಯಕ್ರಮದ ಒಂಬತ್ತನೇ ಆವೃತ್ತಿ ಪಾಸಾಯಿತು. 2025ರ ಚುನಾವಣೆಗೆ ಮುಂಚೆ ಆಗಿನ ವಿರೋಧ ಪಕ್ಷದ ನಾಯಕ ಪೀಟರ್ ಡಟನ್ ಮತ್ತೆ ಅದೇ ರಾಗ ತೆಗೆದರು. ಮಕ್ಕಳ ತಲೆಗೆ ಏನೇನೋ ತುಂಬುತ್ತಿದ್ದಾರೆ, ಬೇಕಾದರೆ ಅನುದಾನದ ಹಗ್ಗ ಎಳೆಯಬಹುದು ಅಂತ. ಮೇ 3ಕ್ಕೆ ಮತದಾರರು ಅವರ ಸ್ವಂತ ಕ್ಷೇತ್ರವನ್ನೇ ಕಿತ್ತುಕೊಂಡರು. ಕ್ಷೇತ್ರ ಇರುವುದು ಕ್ವೀನ್ಸ್‌ಲ್ಯಾಂಡಿನಲ್ಲಿ. (ಸರ್ಕಾರ ಬದಲಾದಾಗ ಪಾಠ ಕಿತ್ತು ಪಾಠ ಅಂಟಿಸುವ ವಿದ್ಯೆಯನ್ನು ಕನ್ನಡದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. 2022, 2023 ಇನ್ನೂ ಮರೆತಿರಲಿಕ್ಕಿಲ್ಲ.)

ಎದುರು ಪಾಳೆಯದವರೇನು ಸಾಚಾ ಅಂದುಕೊಳ್ಳಬೇಡಿ. ಅವರ ಪ್ರತಿಭೆ ಬೇರೆ ಥರ. ಅಕ್ಷರದ ಸದ್ದು ಹೇಳಿಕೊಟ್ಟು, ಸದ್ದು ಕೂಡಿಸಿ ಓದಿಸುವುದಕ್ಕೆ ಅಲ್ಲಿ ಫೋನಿಕ್ಸ್ ಅನ್ನುತ್ತಾರೆ. ಅದನ್ನು ಹೇಗೋ ಬಲಪಂಥದ ಖಾತೆಗೆ ಬರೆದುಬಿಟ್ಟರು. ಪ್ರಗತಿಪರರ ಮಗು ಒಳ್ಳೆ ಕಥೆಪುಸ್ತಕ ಹಿಡಿದು, ಚಿತ್ರ ನೋಡಿ, ಪದ ಇದಿರಬಹುದು ಅಂತ ಊಹಿಸಬೇಕು. ಕ ಕಾ ಕಿ ಕೀ ಅಂತ ಕಾಗುಣಿತ ಕೂಗಿಸಿದ ನಮ್ಮ ಮೇಷ್ಟ್ರು ಎಡವೋ ಬಲವೋ ನಮಗೆ ಗೊತ್ತಿರಲಿಲ್ಲ. ಬೆತ್ತ ಬಲಗೈಯಲ್ಲಿತ್ತು, ಅಷ್ಟು ನೆನಪಿದೆ. ಫೋನಿಕ್ಸ್ ಕಲಿಸಿ ಅಂತ ಕೇಂದ್ರದ ಸಮಿತಿಯೊಂದು 2005ರಲ್ಲೇ ಹೇಳಿತ್ತು. ವಿಕ್ಟೋರಿಯಾ ರಾಜ್ಯದ ಲೇಬರ್ ಸಚಿವರು ದಿನಕ್ಕೆ 25 ನಿಮಿಷ ಕಡ್ಡಾಯ ಅಂದದ್ದು 2024ರಲ್ಲಿ. ಆಗಲೂ ಅಲ್ಲಿನ ಶಿಕ್ಷಕರ ಸಂಘ ಒಪ್ಪುವುದಿಲ್ಲ ಅಂದಿತು. ಇಪ್ಪತ್ತೈದೇ ನಿಮಿಷ! ನಮ್ಮ ಮೇಷ್ಟ್ರು ಹಾಜರಿ ಕೂಗುವುದಕ್ಕೇ ಅಷ್ಟು ತೆಗೆದುಕೊಳ್ಳುತ್ತಿದ್ದರು.

ಇನ್ನು 'ಗುಣಮಟ್ಟ'. ಅದನ್ನು ಅಳೆಯಲು ನ್ಯಾಪ್ಲಾನ್ ಅನ್ನುವ ರಾಷ್ಟ್ರೀಯ ಪರೀಕ್ಷೆ ಇದೆ. 3, 5, 7, 9ನೇ ಕ್ಲಾಸಿನ ಮಕ್ಕಳೆಲ್ಲ ಬರೆಯಬೇಕು. 2023ರಿಂದ ಅದರಲ್ಲಿ ನಾಲ್ಕು ಮಟ್ಟ: ಮೀರಿದೆ, ಗಟ್ಟಿಯಾಗಿದೆ, ಬೆಳೆಯುತ್ತಿದೆ, ಹೆಚ್ಚಿನ ನೆರವು ಬೇಕು. ಫೇಲ್ ಅನ್ನುವ ಹೊಲಸು ಮಾತೇ ಇಲ್ಲ. ಲೆಕ್ಕ ಬರದಿದ್ದರೆ ನೀವು ಬೆಳೆಯುತ್ತಿದ್ದೀರಿ. ದೇಶವೂ ಹಾಗೇ ಬೆಳೆಯುತ್ತಿದೆ. ಅಂತಾರಾಷ್ಟ್ರೀಯ ಪೀಸಾ ಪರೀಕ್ಷೆಯ ಗಣಿತದಲ್ಲಿ 2003ರಲ್ಲಿ 524 ಅಂಕ, 2022ರಲ್ಲಿ 487. ಆದರೂ 2022ರಲ್ಲಿ ಮೊದಲ ಹತ್ತರೊಳಗೆ ವಾಪಸ್ ಬಂದೆವು ಅಂತ ಸಂಭ್ರಮ ಪಟ್ಟರು. ಇವರು ಮೇಲೆ ಹತ್ತಿರಲಿಲ್ಲ, ಪಕ್ಕದವರು ಜಾರಿದ್ದರು.

ಪರೀಕ್ಷೆ ನಡೆಸುವವರ ಗುಣಮಟ್ಟವನ್ನೂ ನೋಡಬೇಕು. 2024ರಲ್ಲಿ ವಿಕ್ಟೋರಿಯಾದ ಪರೀಕ್ಷಾ ಪ್ರಾಧಿಕಾರ ಹನ್ನೆರಡನೇ ಕ್ಲಾಸಿನ ಪ್ರಶ್ನೆಪತ್ರಿಕೆಗಳ ಮಾದರಿ ರಕ್ಷಾಪುಟಗಳನ್ನು ವೆಬ್‌ಸೈಟಿಗೆ ಹಾಕಿತು. ಕಣ್ಣಿಗೆ ಬರೀ ರಕ್ಷಾಪುಟ. ಅದನ್ನೇ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಹಿಂದೆ ಅಡಗಿದ್ದ ಪ್ರಶ್ನೆಗಳು ಸಾಲಾಗಿ ಎದ್ದುಬರುತ್ತಿದ್ದವು. ಅದನ್ನು ಕಂಡುಹಿಡಿದ ಮಕ್ಕಳಿಗೆ ಕಂಪ್ಯೂಟರ್ ವಿಷಯದಲ್ಲಿ ಪೂರ್ತಿ ಅಂಕ ಕೊಡಬೇಕಿತ್ತು. ಪ್ರಾಧಿಕಾರದ ಮುಖ್ಯಸ್ಥರು ಮನೆಗೆ ಹೋದರು. 2025ರ ಮೇ ತಿಂಗಳಲ್ಲಿ ಜಾಣ ಮಕ್ಕಳನ್ನು ಆರಿಸಿ ಸೇರಿಸಿಕೊಳ್ಳುವ ಸಿಡ್ನಿಯ 'ಸೆಲೆಕ್ಟಿವ್' ಸರ್ಕಾರಿ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಎಂಥ ಗಲಾಟೆಯಾಯಿತೆಂದರೆ, ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಪರೀಕ್ಷೆಗೆ ಪೊಲೀಸರು ಬರಬೇಕಾಯಿತು. ಆ ಜನಜಂಗುಳಿಯಲ್ಲಿ ನಮ್ಮ ಕನ್ನಡದವರೂ ಇದ್ದೇ ಇರುತ್ತಾರೆ. ಪಠ್ಯಕ್ರಮ ಎಡವೋ ಬಲವೋ ಅಂತ ಇವರು ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ. ಸಂಘದ ಯುಗಾದಿ ಊಟದ ಸಾಲಿನಲ್ಲಿ ಕೇಳುವುದು ಒಂದೇ: "ಸಾರ್, ನಿಮ್ಮ ಮಗಳಿಗೆ ಸೆಲೆಕ್ಟಿವ್ ಆಯ್ತಾ? ಕೋಚಿಂಗ್ ಎಲ್ಲಿ?" ಎಡಪಂಥದ ಕೋಚಿಂಗ್ ಆದರೂ ಪರವಾಗಿಲ್ಲ, ಶನಿವಾರ ಬೆಳಿಗ್ಗೆ ಇದ್ದರೆ ಸಾಕು.

ಇಷ್ಟು ಹೊತ್ತು ನಕ್ಕಿದ್ದಾಯಿತು. ಈಗ ನಗು ಬರುತ್ತಿಲ್ಲ.

ನ್ಯಾಪ್ಲಾನ್‌ನಲ್ಲಿ ದೇಶದ ಹತ್ತರಲ್ಲಿ ಒಂದು ಮಗು 'ಹೆಚ್ಚಿನ ನೆರವು ಬೇಕು' ಅನ್ನುವ ಕೊನೆಯ ಮಟ್ಟದಲ್ಲಿದೆ. ಆದಿವಾಸಿ ಮಕ್ಕಳಲ್ಲಿ ಮೂರರಲ್ಲಿ ಒಂದು. ಪುಸ್ತಕದಲ್ಲಿ ಅವರ ಅಜ್ಜಂದಿರ ಬಗ್ಗೆ ಆಕ್ರಮಣ ಅಂತ ಬರೆಯಬೇಕೋ ನೆಲೆಸುವಿಕೆ ಅಂತ ಬರೆಯಬೇಕೋ ಅಂತ ಮೂವತ್ತು ವರ್ಷ ಕಿತ್ತಾಡಿದರಲ್ಲ, ಎರಡರಲ್ಲಿ ಯಾವುದನ್ನು ಬರೆದರೂ ಆ ಮಗುವಿಗೆ ಓದಲು ಬರುವುದಿಲ್ಲ. ಓದಿದರೆ ದೇಶವನ್ನು ದ್ವೇಷಿಸೀತು ಅಂತ ಹೆದರುವವರಿಗೂ, ಓದಿ ಎಚ್ಚೆತ್ತೀತು ಅಂತ ಆಸೆ ಪಡುವವರಿಗೂ ಮೊದಲು ಅದಕ್ಕೆ ಓದಲು ಕಲಿಸಬೇಕು ಅನ್ನುವುದು ಹೊಳೆಯಲೇ ಇಲ್ಲವೇ? ಹೊಳೆದಿದೆ. ಬೇಸರದ ಕೆಲಸ ಅದು. ಟಿವಿಯವರು ಕರೆಯುವುದಿಲ್ಲ.

ದುಡ್ಡಿನ ಮಾತೂ ಹಾಗೆಯೇ. ಒಂದು ಮಗುವಿಗೆ ಇಷ್ಟು ಬೇಕು ಅಂತ ಲೆಕ್ಕ ಹಾಕುವ ದಾರಿಯನ್ನು ಡೇವಿಡ್ ಗಾನ್‌ಸ್ಕಿ ಸಮಿತಿ 2011ರ ಕೊನೆಗೇ ಬರೆದುಕೊಟ್ಟಿತ್ತು. ಬಹುತೇಕ ಖಾಸಗಿ ಶಾಲೆಗಳಿಗೆ ಅಷ್ಟೂ ದುಡ್ಡು ಮುಟ್ಟಿತು, ಕೆಲವಕ್ಕೆ ಮೀರಿಯೂ ಮುಟ್ಟಿತು. ಸರ್ಕಾರಿ ಶಾಲೆಗಳ ವಿಷಯದಲ್ಲಿ 2024ರವರೆಗೂ ರಾಜಧಾನಿ ಕ್ಯಾನ್‌ಬೆರಾದ ಸುತ್ತಮುತ್ತ ಬಿಟ್ಟರೆ ಬೇರೆಲ್ಲೂ ಪೂರ್ತಿ ಮುಟ್ಟಿರಲಿಲ್ಲ. ಕೇಂದ್ರ ಮತ್ತು ರಾಜ್ಯಗಳು ಚೌಕಾಶಿ ಮಾಡಿ, ಒಬ್ಬರನ್ನೊಬ್ಬರು ಬೈದು, ಕೊನೆಗೆ 2025ರ ಹೊತ್ತಿಗೆ ಎಲ್ಲ ರಾಜ್ಯಗಳೂ ಸಹಿ ಹಾಕಿದವು. ಪೂರ್ತಿ ದುಡ್ಡು ಎಲ್ಲ ಕಡೆ ಮುಟ್ಟುವ ಗಡುವು 2034.

2025ರಲ್ಲಿ ಮೆಲ್ಬರ್ನಿನ ಒಂದು ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಮುಂಚಿನ ಪ್ರೆಪ್ ಕ್ಲಾಸಿಗೆ ಸೇರಿದ ಮಗು 2034ಕ್ಕೆ ಒಂಬತ್ತನೇ ಕ್ಲಾಸಿನಲ್ಲಿರುತ್ತದೆ. ಆ ಮಾರ್ಚ್‌ನಲ್ಲಿ ನ್ಯಾಪ್ಲಾನ್ ಬರೆಯುತ್ತದೆ. ಅದೇ ಅದರ ಕೊನೆಯ ನ್ಯಾಪ್ಲಾನ್.