ಮೊದಲು ಜುಲೈನಲ್ಲಿ ಇದ್ದು ನೋಡಿ

ಹೋದ ವರ್ಷ ಜೂನ್ ಕೊನೆಯಲ್ಲಿ ರಾಯಚೂರಿನಿಂದ ಅಣ್ಣ ಫೋನ್ ಮಾಡಿದ. ಆರೋಗ್ಯ ವಿಚಾರಿಸುವ ಮೊದಲೇ ಶುರು ಮಾಡಿಬಿಟ್ಟ. "ಏನೋ ತಮ್ಮಾ, ಬಾಡಿಗಿ ಮನಿಗೆ ಹೊಂಟೀಯಂತ? ರೊಕ್ಕದ ತ್ರಾಸ್ ಏನರ ಆಗೇದೇನು? ಆಗಿದ್ರ ಬಾಯಿಬಿಟ್ಟು ಹೇಳು."

ನನಗೆ ಆಗ 66. ಓಹಾಯೋದ ಕೊಲಂಬಸ್‌ನಲ್ಲಿ ಸಾಲ ತೀರಿದ ಸ್ವಂತ ಮನೆ ಇದೆ. ಅದಕ್ಕೆ ಬೀಗ ಹಾಕಿ, ಅರಿಜೋನಾದ ಒಂದು ಹಿರಿಯರ ಕಾಲೊನಿಯಲ್ಲಿ ಮೂರು ತಿಂಗಳಿಗೆ ಬಾಡಿಗೆ ಮನೆ ಹಿಡಿದಿದ್ದೆ. ಅಲ್ಲೇ ಮನೆ ಕೊಳ್ಳಬೇಕೋ ಬೇಡವೋ ಅಂತ ನೋಡೋಣ ಎಂದು. ಇದನ್ನು ಅಣ್ಣನಿಗೆ ಅರ್ಥ ಮಾಡಿಸಲು ಆಗಲಿಲ್ಲ. ಅವನ ಲೆಕ್ಕದಲ್ಲಿ ಬಾಡಿಗೆ ಮನೆ ಅಂದರೆ ಹುಡುಗರಾಗಿದ್ದಾಗಿನ ಮಾತು. ಕೆಲಸ ಸಿಕ್ಕ ಮೇಲೆ ಸೈಟು, ಮದುವೆಯಾದ ಮೇಲೆ ಮನೆ, ರಿಟೈರ್ ಆದ ಮೇಲೆ ಅದರ ಮೇಲೊಂದು ಮಹಡಿ. ಆ ಮಹಡಿಯನ್ನು ಬಾಡಿಗೆಗೆ ಕೊಡಬೇಕೇ ಹೊರತು ನಾವೇ ಬಾಡಿಗೆಗೆ ಹೋಗಬಾರದು.

ಅವನನ್ನು ಬೈಯಲಾರೆ. ನಾನೂ ಹಾಗೇ ಯೋಚಿಸುತ್ತಿದ್ದೆ. ಬದಲಾಗಿದ್ದು ನಮ್ಮ ಗೆಳೆಯರೊಬ್ಬರಿಂದ. ಅವರು ಕೊಲಂಬಸ್‌ನಲ್ಲಿ ನಮ್ಮ ಬೀದಿಯವರೇ, ಕನ್ನಡದವರೇ. ಒಂದು ಫೆಬ್ರವರಿಯಲ್ಲಿ ಗಂಡ ಹೆಂಡತಿ ಫೀನಿಕ್ಸ್ ಕಡೆ ನಾಲ್ಕು ದಿನ ಹೋಗಿ ಬಂದರು. ಇಲ್ಲಿ ಮೊಣಕಾಲುದ್ದ ಹಿಮ, ಅಲ್ಲಿ ಹೂಬಿಸಿಲು, ತೋಟದಲ್ಲಿ ಕಿತ್ತಳೆ ಹಣ್ಣು ತೂಗುತ್ತಿವೆ. ನಾಲ್ಕನೆಯ ದಿನ ಅಲ್ಲೇ ಒಂದು ಮನೆಗೆ ಮುಂಗಡ ಕೊಟ್ಟೇ ಬಂದರು. ಎರಡನೇ ವರ್ಷದಲ್ಲಿ ಅದನ್ನು ಮಾರಿ ವಾಪಸ್ ಬಂದರು. ಮಾರುವಾಗ ಏಜೆಂಟರ ಕಮಿಷನ್ನು, ಕೊಳ್ಳುವಾಗ ಮತ್ತು ಮಾರುವಾಗಿನ ಕಾಗದ ಪತ್ರದ ಖರ್ಚು, ಎರಡು ಸಲ ಸಾಮಾನು ಸಾಗಿಸಿದ್ದು ಎಲ್ಲ ಸೇರಿಸಿದರೆ ಒಳ್ಳೆಯ ಕಾರೊಂದರ ಬೆಲೆ. ಅದಕ್ಕಿಂತ ಜಾಸ್ತಿ ಅವರನ್ನು ಕಾಡಿದ್ದು ಸಂಕೋಚ. ಒಂದು ವರ್ಷ ಯಾರ ಮನೆಯ ಪೂಜೆಗೂ ಬರಲಿಲ್ಲ.

ಈ ಕಾಲೊನಿಗಳ ಮೂಲ ಕೂಡ ಇಂಥ ನೋಡಿದೊಡನೆ ಮನಸೋಲುವ ಮಾತೇ. ಫೀನಿಕ್ಸ್ ಪಕ್ಕದ ಹತ್ತಿಹೊಲಗಳಲ್ಲಿ ಡೆಲ್ ವೆಬ್ ಅನ್ನುವ ಬಿಲ್ಡರ್ 1960ರ ಜನವರಿ 1ಕ್ಕೆ ಸನ್ ಸಿಟಿ ತೆರೆದ. ಐದು ಮಾದರಿ ಮನೆ ಕಟ್ಟಿ ತೋರಿಸಿದ. ಮೂರು ದಿನದಲ್ಲಿ ಸುಮಾರು 1 ಲಕ್ಷ ಜನ ನೋಡಲು ಬಂದರಂತೆ. ತಿಂಗಳು ಗಮನಿಸಿ: ಜನವರಿ. ಮಾರುವವನಿಗೆ ಹವಾಮಾನ ಚೆನ್ನಾಗಿ ಗೊತ್ತಿತ್ತು. ಈಗ ಅಲ್ಲಿ ಎಂಟು ಗಾಲ್ಫ್ ಮೈದಾನ, ಹಲವು ಕ್ಲಬ್ಬು, ಬೀದಿಯಲ್ಲಿ ಕಾರಿನ ಜೊತೆಗೇ ಗಾಲ್ಫ್ ಗಾಡಿಗಳ ಓಡಾಟ. ಆಮೇಲೆ ಇಂಥ ಊರುಗಳು ದೇಶದ ತುಂಬ ಎದ್ದವು. 55 ದಾಟಿದವರಿಗೆ ಮಾತ್ರ ಅನ್ನುವುದು ಸುಮ್ನೆ ಕಟ್ಟುಕಟ್ಟಳೆಯಲ್ಲ. 1995ರ ಒಂದು ಕೇಂದ್ರ ಕಾನೂನಿನ ಪ್ರಕಾರ ನೂರರಲ್ಲಿ ಕನಿಷ್ಠ 80 ಮನೆಗಳಲ್ಲಿ 55 ತುಂಬಿದ ಒಬ್ಬರಾದರೂ ಇರಲೇಬೇಕು. ಇಲ್ಲದಿದ್ದರೆ ಮಕ್ಕಳಿರುವ ಸಂಸಾರಕ್ಕೆ ಮನೆ ಕೊಡಲ್ಲ ಅನ್ನುವ ಹಕ್ಕು ಕಾಲೊನಿಗೆ ಇರುವುದಿಲ್ಲ.

ನಾವು ಹೋದದ್ದು ಸನ್ ಸಿಟಿಗಲ್ಲ, ಅದೇ ದಿಕ್ಕಿನ ಇಂಥದ್ದೇ ಇನ್ನೊಂದಕ್ಕೆ. ಹೋದದ್ದು ಜುಲೈ 1ಕ್ಕೆ. ಬೇಕೆಂದೇ.

ರಾಯಚೂರಿನವನಿಗೆ ಬಿಸಿಲೇನು ಹೊಸದು ಅಂತ ಎದೆ ಉಬ್ಬಿಸಿಕೊಂಡೇ ಹೋಗಿದ್ದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಮಾಮೂಲು. ಆದರೆ ರಾಯಚೂರಿನ ಬಿಸಿಲಿಗೆ ಸಂಜೆ ಅಂತ ಒಂದಿರುತ್ತದೆ. ಮಾಳಿಗೆಗೆ ನೀರು ಚೆಲ್ಲಿ, ಚಾಪೆ ಹಾಸಿ, ಓಣಿಯವರೆಲ್ಲ ಅವರವರ ಮಾಳಿಗೆ ಮೇಲಿಂದಲೇ ಹರಟೆ ಹೊಡೆಯುತ್ತಿದ್ದೆವು. ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ರಾತ್ರಿಯಲ್ಲೂ 32ಕ್ಕಿಂತ ಕೆಳಗಿಳಿಯದ ದಿನಗಳು ಸಾಲಾಗಿ ಬಂದಿದ್ದವು. ನಾವಿದ್ದಾಗಲೂ ತಣ್ಣೀರಿನ ನಲ್ಲಿಯಲ್ಲಿ ಸ್ನಾನಕ್ಕಾಗುವಷ್ಟು ಬಿಸಿನೀರು ಬರುತ್ತಿತ್ತು. ಕಾರಿನ ಸ್ಟೇರಿಂಗ್ ಹಿಡಿಯಲು ಹೆಂಡತಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಇಟ್ಟುಕೊಂಡಿದ್ದಳು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನಡೆಯಬೇಕು, ಏಳಕ್ಕೆ ಒಳಗೆ ಸೇರಬೇಕು. ಆಮೇಲೆ ಏ.ಸಿ. ಹಾಕಿಕೊಂಡು ಕಿಟಕಿ ಮುಚ್ಚಿದ ಮನೆಯಲ್ಲಿ ಹನ್ನೆರಡು ಗಂಟೆ. ಓಹಾಯೋದ ಚಳಿಗಾಲದ ಸೆರೆವಾಸ ತಪ್ಪಿಸಿಕೊಳ್ಳಲು ಬಂದವರಿಗೆ ಬೇಸಿಗೆಯ ಸೆರೆವಾಸ. ತಿಂಗಳು ಬದಲಾಯಿತು, ಅಷ್ಟೇ.

ಹೆಂಡತಿ ತೀರ್ಥಹಳ್ಳಿಯವಳು. ಜುಲೈ ಅಂದರೆ ಅವಳಿಗೆ ಹೆಂಚಿನ ಮೇಲೆ ಮಳೆ, ಹಲಸಿನ ಹಪ್ಪಳ. ಪಾಪ, ಇಲ್ಲಿಯ ಮಳೆಗಾಲಕ್ಕೂ ಮಾನ್ಸೂನ್ ಅಂತಲೇ ಹೆಸರು. ಅದನ್ನು ಕೇಳಿ ಆಸೆಯಿಂದ ಕಾದಳು. ಮೊದಲ ಮಾನ್ಸೂನ್ ಬಂದದ್ದು ಧೂಳಿನ ಗೋಡೆಯಾಗಿ. ಹಿಂದೆ ನಾಲ್ಕು ಹನಿ.

ಆದರೆ ಬಿಸಿಲು ದೊಡ್ಡ ವಿಷಯವಲ್ಲ. ಅದನ್ನು ಇಂಟರ್ನೆಟ್‌ನಲ್ಲಿ ನೋಡಿಯೂ ತಿಳಿದುಕೊಳ್ಳಬಹುದು. ಬಾಡಿಗೆಗೆ ಇರದೆ ತಿಳಿಯದೇ ಹೋಗುತ್ತಿದ್ದದ್ದು ಬೇರೆ ಇದೆ. ಮೂರನೇ ವಾರ ಸಂಜೆ ಕಾಫಿ ಕುಡಿಯುತ್ತಾ ಹೆಂಡತಿ ಅಂದಳು: "ರೀ, ಬಂದಾಗಿನಿಂದ ಒಂದು ಮಗು ಅತ್ತಿದ್ದು ಕೇಳಿಲ್ಲ ನೋಡಿ." ಹೌದಲ್ಲ ಅನ್ನಿಸಿತು. ಶಾಲೆಯ ಗಂಟೆ ಇಲ್ಲ, ಚೆಂಡು ಬಡಿಯುವ ಸದ್ದಿಲ್ಲ. ಇದ್ದದ್ದು ಏ.ಸಿ.ಯ ಗುಂಯ್ ಅನ್ನುವ ಸದ್ದು, ವಾರಕ್ಕೆ ಒಂದೆರಡು ಸಲ ಆಂಬುಲೆನ್ಸ್. ಕೆಲವರಿಗೆ ಬೇಕಾಗಿರುವುದೇ ಈ ಶಾಂತಿ, ಅದಕ್ಕೇ ಹಣ ಕೊಡುತ್ತಾರೆ. ತಪ್ಪೇನಿಲ್ಲ. ನಮ್ಮೂರ ಅಗಸಿ ಕಟ್ಟೆಯ ಮೇಲೆ ಕೂತ ಮುದುಕರು ಹುಡುಗರನ್ನು ಬೈಯುತ್ತಲೇ ಕಾಲ ಕಳೆಯುತ್ತಾರೆ. ನನಗೆ ಬೈಯಲು ಯಾರಾದರೂ ಬೇಕು ಅಂತ ಗೊತ್ತಾದದ್ದು ಅಲ್ಲಿ.

ಇನ್ನು ನಿಯಮದ ಪುಸ್ತಕ. ಕೊಳ್ಳುವ ದಿನ ನೂರು ಕಾಗದದ ನಡುವೆ ಅದಕ್ಕೂ ಒಂದು ಸಹಿ ಹಾಕಿಸುತ್ತಾರೆ, ಯಾರೂ ಓದುವುದಿಲ್ಲ. ಬಾಡಿಗೆಗೆ ಕೂತವನಿಗೆ ಹಗಲಿಡೀ ಓದಲು ಸಮಯ. ಸನ್ ಸಿಟಿಯಂಥ ಊರುಗಳಲ್ಲಿ 19 ತುಂಬದವರು ವರ್ಷಕ್ಕೆ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಓದಿ ಹೇಳಿದೆ. ಹೆಂಡತಿ ಬೆರಳು ಮಡಚಿ ಎಣಿಸಿದಳು. ನಮ್ಮ ಕಡೆ ಚೊಚ್ಚಲ ಬಾಣಂತನ ಅಂದರೆ ಮೂರು ತಿಂಗಳು, ಐದು ತಿಂಗಳು. "ಮಗಳು ಇಲ್ಲಿಗೇ ಬಾಣಂತನಕ್ಕೆ ಬಂದರೆ ಅವಳು ಇರಬಹುದು, ಮಗುವಿನ ವೀಸಾ ಮಾತ್ರ ಮೂರೇ ತಿಂಗಳಿಗೆ ಮುಗಿಯುತ್ತೆ ಅಲ್ವಾ?" ನಕ್ಕೆವು. ಆದರೆ ಅವತ್ತು ರಾತ್ರಿ ಇಬ್ಬರಿಗೂ ನಿದ್ದೆ ಸರಿಯಾಗಿ ಬರಲಿಲ್ಲ.

ದೂರದ ಲೆಕ್ಕವೂ ಇದೆ. ಫೀನಿಕ್ಸ್ ಸುತ್ತ ಕನ್ನಡದವರಿಗೆ ಕೊರತೆಯಿಲ್ಲ, ನಿಜ. ಅವರಲ್ಲಿ ಹೆಚ್ಚಿನವರಿರುವುದು ಚಾಂಡ್ಲರ್ ಕಡೆ, ಕಂಪ್ಯೂಟರ್ ಚಿಪ್ ಕಾರ್ಖಾನೆಗಳ ಸುತ್ತ. ಹಿರಿಯರ ಕಾಲೊನಿಗಳಲ್ಲಿ ಹಳೆಯವು ವಾಯವ್ಯಕ್ಕಿವೆ. ನಡುವೆ ಸುಮಾರು 40 ಮೈಲಿ. ಗಣಪತಿ ದೇವಸ್ಥಾನ ಇರುವ ಮರಿಕೋಪಾ ಅದಕ್ಕೂ ದಕ್ಷಿಣಕ್ಕೆ. 66ಕ್ಕೆ ಓಡಿಸಬಹುದು. 78ಕ್ಕೆ? ಗೌರಿ ಹಬ್ಬಕ್ಕೆ ನಾವು ಹೋಗಿ ಬಂದೆವು. ವಾಪಸ್ ಬರುವಾಗ ಕತ್ತಲಲ್ಲಿ ಹೈವೇಯಲ್ಲಿ ನನ್ನ ಕಣ್ಣು ಎಷ್ಟು ಮಂಜಾಗಿದೆ ಅಂತ ಮೊದಲ ಸಲ ಒಪ್ಪಿಕೊಂಡೆ.

ಒಳ್ಳೆಯದೂ ಇತ್ತು, ಹೇಳದಿದ್ದರೆ ಮೋಸವಾಗುತ್ತದೆ. ಪಕ್ಕದ ಮನೆಯಲ್ಲಿ 81ರ ಅಜ್ಜಿ ಒಬ್ಬರೇ ಇದ್ದರು. ಚಳಿಗಾಲಕ್ಕಷ್ಟೇ ಬರುವ ಜನ ಏಪ್ರಿಲ್‌ನಲ್ಲಿ ಗೂಡು ಬಿಟ್ಟು ಹೋದ ಮೇಲೆ ಉಳಿಯುವ ನಾಲ್ಕು ಜನರಲ್ಲಿ ಅವರೂ ಒಬ್ಬರು. ದಿನಾ ಬೆಳಿಗ್ಗೆ ಐದಕ್ಕೆ ಕಿಟಕಿಯ ಪರದೆ ಸರಿಸುತ್ತಿದ್ದರು. ಎದುರು ಮನೆಯವರಿಗೆ ಅದೇ ಗುರುತು. ಆರು ಗಂಟೆಯಾದರೂ ಪರದೆ ಸರಿಯದಿದ್ದರೆ ಫೋನ್ ಹೋಗುತ್ತದೆ. ಯಾವ ಆ್ಯಪೂ ಬೇಡ. ನಮ್ಮ ಒಗ್ಗರಣೆಗೆ ಹೊಗೆ ಅಲಾರಂ ಕೂಗಿದಾಗ ಮೊದಲು ಓಡಿ ಬಂದವರೂ ಅವರೇ, ಕೋಲೂರಿಕೊಂಡು. ಒಣಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಲೇ ಟವೆಲ್ ಬೀಸಿದರು. ಅವರು ಹೇಳಿದ ಒಂದು ಮಾತು: ಫೆಬ್ರವರಿಯಲ್ಲಿ ಇಲ್ಲಿ ಎಲ್ಲರೂ ಸ್ನೇಹಿತರೇ, ಆಗಸ್ಟ್‌ನಲ್ಲಿ ಬಾಗಿಲು ತಟ್ಟುವವರನ್ನು ಎಣಿಸಿಕೋ.

ಅದಕ್ಕೇ ನಾನು ಹೇಳುವುದು, ಬಾಡಿಗೆಗೆ ಇರುವುದಾದರೆ ಆ ಊರಿನ ಕೆಟ್ಟ ತಿಂಗಳಲ್ಲಿ ಇರಿ. ಬಹಳ ಜನ ತಪ್ಪು ಮಾಡುವುದು ಇಲ್ಲೇ. ಬಾಡಿಗೆಗೇನೋ ಇರುತ್ತಾರೆ, ಆದರೆ ಜನವರಿಯಿಂದ ಮಾರ್ಚ್‌ವರೆಗೆ. ಅದು ಮದುವೆ ಮನೆಯಲ್ಲಿ ಹೆಣ್ಣು ನೋಡಿದ ಹಾಗೆ. ಬೇಸಿಗೆಯಲ್ಲಿ ಬಾಡಿಗೆಯೂ ಅಗ್ಗ. ಫೆಬ್ರವರಿಯಲ್ಲಿ ಹೇಳಿದ್ದರ ಅರ್ಧಕ್ಕೆ ನಮಗೆ ಮನೆ ಸಿಕ್ಕಿತು. ಫ್ಲಾರಿಡಾ ಅಂದುಕೊಂಡವರು ಚಂಡಮಾರುತದ ಕಾಲದಲ್ಲಿ, ಸೆಪ್ಟೆಂಬರ್‌ನಲ್ಲಿ ಇದ್ದು ನೋಡಲಿ.

ಇನ್ನೆರಡು ವಿಷಯ ನಮ್ಮವರು ಪದೇ ಪದೇ ಕೇಳುತ್ತಾರೆ. ಹಳೆಯ ಮನೆ ಮಾರಿಯೇ ಹೋಗಬೇಕಾ? ಬೇಡ, ಆದರೆ ಕ್ಯಾಲೆಂಡರ್ ಮೇಲೆ ಕಣ್ಣಿರಲಿ. ಮಾರುವ ಹಿಂದಿನ 5 ವರ್ಷಗಳಲ್ಲಿ ಒಟ್ಟು 2 ವರ್ಷವಾದರೂ ಅದು ನಿಮ್ಮದಾಗಿದ್ದು, ಅದರಲ್ಲೇ ವಾಸವಿದ್ದರೆ, ಗಂಡ ಹೆಂಡತಿಗೆ ಸೇರಿ 5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಕೇಂದ್ರದ ತೆರಿಗೆ ಬೀಳುವುದಿಲ್ಲ. ಅಂದರೆ ಮನೆ ಬಿಟ್ಟ ಮೇಲೂ ಸುಮಾರು ಮೂರು ವರ್ಷ ಯೋಚಿಸಲು ಕಾಲವಿದೆ. ಎರಡನೆಯದು ಆಸ್ಪತ್ರೆ. ಮೆಡಿಕೇರ್ ಅಂದರೆ ಅಮೆರಿಕದಲ್ಲಿ 65 ತುಂಬಿದವರಿಗೆ ಸರ್ಕಾರದ ಆರೋಗ್ಯ ವಿಮೆ. ಮೂಲ ಮೆಡಿಕೇರ್ ದೇಶದಲ್ಲಿ ಎಲ್ಲೇ ಹೋದರೂ ನಡೆಯುತ್ತದೆ, ಅದರ ಬದಲಿಗೆ ಖಾಸಗಿ ಕಂಪನಿಗಳು ಕೊಡುವ ಅಡ್ವಾಂಟೇಜ್ ಪ್ಲಾನ್‌ಗಳು ಸಾಮಾನ್ಯವಾಗಿ ನಿಮ್ಮ ಊರಿನ ಸುತ್ತಿನ ವೈದ್ಯರಿಗೆ ಕಟ್ಟಿಕೊಂಡಿರುತ್ತವೆ. ಬಾಡಿಗೆಗೆ ಹೊರಡುವ ಮುಂಚೆ ಅದೊಂದು ಫೋನ್ ಮಾಡಿ.

ಬಾಡಿಗೆಯ ದುಡ್ಡು ನೀರಿಗೆ ಹಾಕಿದಂತೆ ಅನ್ನುವವರಿಗೆ ನನ್ನ ಉತ್ತರ ಗೆಳೆಯರ ಆ ಕಾರಿನ ಬೆಲೆ. ಆದರೆ ಬಾಡಿಗೆದಾರನಿಗೆ ಅಲ್ಲಿ ಸ್ವಲ್ಪ ಕೆಳಗಿನ ಸ್ಥಾನ ಅನ್ನುವುದೂ ಸುಳ್ಳಲ್ಲ. ಸಂಘದ ಸಭೆಯಲ್ಲಿ ಓಟಿಲ್ಲ, ಕ್ಲಬ್ಬಿಗೆ ಬೇರೆ ಕಾರ್ಡು ಮಾಡಿಸಬೇಕು. "ನೀವು ಇರೋರಾ, ಹೋಗೋರಾ?" ಅಂತ ಕೇಳಿಯೇ ಮಾತು ಮುಂದುವರಿಸುವವರೂ ಸಿಕ್ಕರು.

ನಮ್ಮ ಪದ್ಧತಿಯಲ್ಲೂ ಇದಕ್ಕೆ ದಾರಿಯಿದೆ, ನಾವು ಬಳಸುತ್ತಿಲ್ಲ ಅಷ್ಟೇ. ಕರ್ನಾಟಕದಲ್ಲಿ ಭೋಗ್ಯಕ್ಕೆ ಮನೆ ಹಿಡಿಯುವುದು ಹಳೆಯ ರೂಢಿ: ದೊಡ್ಡ ಗಂಟು ಕೊಟ್ಟು, ತಿಂಗಳ ಬಾಡಿಗೆ ಕೊಡದೆ ಇದ್ದು, ಬಿಡುವಾಗ ಗಂಟು ವಾಪಸ್ ಪಡೆಯುವುದು. ಕೊಯಮತ್ತೂರು, ಬೆಂಗಳೂರುಗಳಲ್ಲಿ ಈಗ ಎದ್ದಿರುವ ಹಿರಿಯರ ಕಾಲೊನಿಗಳಲ್ಲಿ ಕೆಲವು ಕೇಳುವ ಠೇವಣಿ ಭೋಗ್ಯದ ತಮ್ಮನೇ. ಅಮೆರಿಕದಲ್ಲಿರುವ ನಮ್ಮವರು ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗಿ, ಅಲ್ಲಿ ಒಂದು ಊಟ ಮಾಡಿ, ಸಾರು ಚೆನ್ನಾಗಿದೆ ಅಂತ ಮನೆ ಬುಕ್ ಮಾಡಿ ಬರುತ್ತಾರೆ. ಅದೂ ಫೆಬ್ರವರಿಯ ಫೀನಿಕ್ಸೇ. ಮೆಡಿಕೇರ್ ಅಲ್ಲಿಗೆ ಬರುವುದಿಲ್ಲ ಅನ್ನುವುದು ನೆನಪಾಗುವುದು ವಿಮಾನ ಹತ್ತಿದ ಮೇಲೆ. ಮೇ ತಿಂಗಳಿಂದ ಎರಡು ತಿಂಗಳು ಬಾಡಿಗೆಗೆ ಇರಿ ಅಂದರೆ, "ಛೆ, ಊರಿಗೆ ಹೋಗಿ ಬಾಡಿಗೆಗಾ?" ಅನ್ನುತ್ತಾರೆ. ಮತ್ತೆ ನಮ್ಮಣ್ಣನೇ ಮಾತಾಡಿದ ಹಾಗೆ.

ನಾವು ಅರಿಜೋನಾದಲ್ಲಿ ಮನೆ ಕೊಳ್ಳಲಿಲ್ಲ. ಕೊಳ್ಳುವುದೇ ಇಲ್ಲ ಅಂತಲೂ ಅಲ್ಲ. ಸದ್ಯಕ್ಕೆ ಪಟ್ಟಿಯಲ್ಲಿ ಕೊಯಮತ್ತೂರು ಮುಂದಿದೆ. ಹೆಂಡತಿಗೆ ಪಶ್ಚಿಮ ಘಟ್ಟ ಕಣ್ಣಿಗೆ ಕಂಡರೆ ಸಾಕು, ಮಳೆ ಬೀಳದಿದ್ದರೂ ಪರವಾಗಿಲ್ಲವಂತೆ.

ಸೆಪ್ಟೆಂಬರ್ ಕೊನೆಗೆ ಬೀಗದ ಕೈ ಕೊಟ್ಟು ಬಂದೆವು. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನಿಗೂ ಬೆಂಗಳೂರಲ್ಲಿ ಬಾಡಿಗೆಗೆ ಕೊಟ್ಟ ಎರಡು ಮನೆಗಳಿವೆ, ಹತ್ತು ತಿಂಗಳ ಅಡ್ವಾನ್ಸ್ ಇಲ್ಲದೆ ಬೀಗ ಕೊಡುವವನಲ್ಲ. "ಅಡ್ವಾನ್ಸ್ ಎಷ್ಟು ಕೊಟ್ಟಿದ್ದಿ?" ಅಂದ. ಒಂದು ತಿಂಗಳದ್ದು ಅಂದೆ. ಒಂದೂವರೆ ತಿಂಗಳಿಗಿಂತ ಜಾಸ್ತಿ ಕೇಳಲು ಅಲ್ಲಿಯ ಕಾನೂನು ಬಿಡುವುದಿಲ್ಲ, ಶನಿವಾರ, ಭಾನುವಾರ, ಸರ್ಕಾರಿ ರಜೆ ಬಿಟ್ಟು 14 ದಿನದಲ್ಲಿ ಲೆಕ್ಕ ಕೊಟ್ಟು ವಾಪಸ್ ಮಾಡಬೇಕು ಅಂತಲೂ ಹೇಳಿದೆ. ನಮ್ಮದು ಪೂರ್ತಿ ಬಂದಿತ್ತು.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

"ಬಣ್ಣದ ರೊಕ್ಕಾನೂ ಮುರಕೊಳ್ಳಲಿಲ್ಲೇನು?"